ಕಾಯಕದ ಹೆಸರಿನಲ್ಲಿ



ಕಿವುಡ ಮಕ್ಕಳ ಶಾಲೆಯೊಂದರ ಆಡಳಿತ ಮಂಡಳಿಯಲ್ಲಿ ನಾನು ಕೆಲವು ವರ್ಷ ಸದಸ್ಯನಾಗಿದ್ದೆ. ಆಗ ನನ್ನಿಂದ ಘಟಿಸಿದ ತಪ್ಪೊಂದನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವುದಕ್ಕಾಗಿ ಈ ಬರಹ.

ಒಂದು ಸಂಜೆ ಆ ಶಾಲೆಯ ಶಿಕ್ಷಕಿಯೊಬ್ಬರು ರಾಜೀನಾಮೆಯ ಪತ್ರವನ್ನು ಹಿಡಿದು ನಮ್ಮ ಮನೆಗೆ ಬಂದರು. ವಿಶೇಷ ಶಿಕ್ಷಣದಲ್ಲಿ ತರಬೇತಿ ಹೊಂದಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡಿದ್ದ ಅವರು ಆರು ವರ್ಷ ಅಲ್ಲಿ ದುಡಿದಿದ್ದರು. ನಾನು ಕಾಯಕದ ಮಹಿಮೆಯನ್ನು ಕುರಿತು ದೀರ್ಘವಾಗಿ ಉಪದೇಶಿಸಿದೆ. ಅವರು ಎಲ್ಲವನ್ನೂ ಕೇಳಿ, "ಸರ್, ಮಕ್ಕಳ ಮೇಲೆ ನನಗೆ ಬೇಸರವಿಲ್ಲ. ಆದರೆ ಕಾಯಕ ಮಾಡುವವಳಿಗೂ ಮನೆ ಬಾಡಿಗೆ ಇರುತ್ತದೆ" ಎಂದಷ್ಟೇ ನುಡಿದು ಹೊರಟುಹೋದರು.

ಅವರ ತರಗತಿಯಲ್ಲಿ ಏಳು ವರ್ಷದ ಬಾಲಕನೊಬ್ಬನಿದ್ದನು. ಅವನ ಅಂಗೈಯನ್ನು ತಮ್ಮ ಕೊರಳಿಗೆ ಒತ್ತಿಕೊಂಡು, ದನಿಯ ಕಂಪನವನ್ನು ಅರಿವಿಗೆ ತಂದು, ಅವರು ಒಂದೊಂದೇ ಶಬ್ದವನ್ನು ಕಲಿಸುತ್ತಿದ್ದರು. ಅವರ ತುಟಿಯ ಚಲನೆ, ಕೈಸನ್ನೆ, ಮುಖಭಾವ ಇವೇ ಆ ಮಗುವಿಗೆ ಭಾಷೆ. ಅನಂತರದ ಎರಡು ವರ್ಷಗಳಲ್ಲಿ ಮೂವರು ಶಿಕ್ಷಕರು ಬಂದು ಹೋದರು. ಮೂರನೆಯವರ ಕಾಲಕ್ಕೆ ಆ ಬಾಲಕನು ಕೈ ಮುಂದೆ ಚಾಚುವುದನ್ನೇ ಬಿಟ್ಟಿದ್ದನು. ಅದನ್ನು ಕಣ್ಣಾರೆ ಕಂಡ ದಿನ ನನ್ನ ಉಪದೇಶವು ನನ್ನನ್ನೇ ಚುಚ್ಚಿತು.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಅವರ ತರುವಾಯ 2010ರಲ್ಲಿ ಲಿಂಗೈಕ್ಯರಾಗುವವರೆಗೆ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗಾಗಿ ಜೀವನವನ್ನೇ ಸವೆಸಿದರು. ಗುರುವು ಸ್ಥಿರವಾಗಿ ನಿಂತರೆ ಶಿಷ್ಯನು ಎಲ್ಲಿಯವರೆಗೆ ಬೆಳೆಯಬಲ್ಲನೆಂಬುದಕ್ಕೆ ಸ್ವತಃ ಪುಟ್ಟರಾಜರೇ ನಿದರ್ಶನ. ಆದರೆ ಅಂತಹ ವಿರಕ್ತರ ತ್ಯಾಗವನ್ನು ಸಂಸಾರಿಗಳ ಸಂಬಳಕ್ಕೆ ಅಳತೆಗೋಲಾಗಿಸುವುದು ನ್ಯಾಯವಲ್ಲ.

ಆಯ್ದಕ್ಕಿ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮ ತಾಯಿ ಹಿಂದಿರುಗಿಸಿದಳೆಂಬುದನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ. ಆ ದಿನಕ್ಕೆ ಬೇಕಾದಷ್ಟು ಅಕ್ಕಿ ಅವರ ಮನೆಯಲ್ಲಿತ್ತೆಂಬುದನ್ನು ಮಾತ್ರ ಮರೆಯುತ್ತೇವೆ. ದಾಸೋಹವು ದುಡಿದವನು ತನ್ನಿಚ್ಛೆಯಿಂದ ಸಲ್ಲಿಸತಕ್ಕದ್ದು. ದುಡಿಸಿಕೊಳ್ಳುವವನೇ ಅದನ್ನು ಮೊದಲಾಗಿ ಮುರಿದುಕೊಂಡರೆ ಅದು ದಾಸೋಹವೆನಿಸದು.

ಕಾನೂನು ತನ್ನ ಕರ್ತವ್ಯವನ್ನು ಕೆಲಮಟ್ಟಿಗೆ ಮಾಡಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಸಾಮಾನ್ಯ ಶಾಲೆಗಳಲ್ಲಿಯೂ ಇಂತಹ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10 ಮಂದಿಗೆ, ಮೇಲಿನ ಹಂತಗಳಲ್ಲಿ 15 ಮಂದಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಹೇಳಿತು. ಆದರೆ ನೇಮಿಸಿದ ಮಾತ್ರಕ್ಕೆ ಶಿಕ್ಷಕರು ಉಳಿಯುವುದಿಲ್ಲ. ತಿಂಗಳಿಗೆ ಸರಿಯಾಗಿ ಸಂಬಳ, ನೌಕರಿಯ ಭದ್ರತೆ, ಸಮಾಲೋಚಿಸಲು ಒಬ್ಬ ಸಹೋದ್ಯೋಗಿ, ದಾಖಲೆ ಬರೆಯುವ ಹೊರೆಯಿಂದ ತುಸು ಬಿಡುವು: ಇವಿದ್ದರೆ ಉಳಿಯುತ್ತಾರೆ.

ಮುಂದಿನ ಸಭೆಯಲ್ಲಿ ನಾವು ವಾರ್ಷಿಕೋತ್ಸವದ ಖರ್ಚನ್ನು ಇಳಿಸಿ ಸಂಬಳವನ್ನು ಏರಿಸಿದೆವು. ತಡವಾಗಿತ್ತು, ಹೋದವರು ಮರಳಲಿಲ್ಲ.

ಓದುಗರೇ, ತಾವು ಇಂತಹ ಶಾಲೆಗಳಿಗೆ ಹಣ್ಣುಹಂಪಲು ಹಂಚಲು ಹೋದಾಗ ಒಂದು ಮಾತನ್ನು ತಪ್ಪದೆ ಕೇಳಿರಿ: "ಇಲ್ಲಿಯ ಶಿಕ್ಷಕರು ಎಷ್ಟು ವರ್ಷದಿಂದ ಇದ್ದಾರೆ?" ಉತ್ತರವು ತಮಗೆ ಸಮಾಧಾನ ತರದಿದ್ದರೆ, ಮುಂದಿನ ಕಾಣಿಕೆಯನ್ನು ಅವರ ಸಂಬಳದ ನಿಧಿಗೆ ಸಲ್ಲಿಸಿರಿ.