ಜಿಪ್ಸಿಯ ಅಡಿಯಲ್ಲಿ ಮಲಗಿ

ಮೂಡಿಗೆರೆ ಕಡೆ ಯಾರಾದರೂ ಗಾಡಿ ಕೊಂಡರೆ ಊರವರು ಮೊದಲು ಮೈಲೇಜು ಕೇಳುವುದಿಲ್ಲ, ‘ನಿಮ್ಮ ಏರು ಹತ್ತುತ್ತೋ?’ ಎಂದು ಕೇಳುತ್ತಾರೆ. ಇಲ್ಲಿ ಪ್ರತಿ ತೋಟದ ಮನೆಗೂ ಒಂದೊಂದು ಏರು ಇದೆ. ಅದರ ಕುಖ್ಯಾತಿಯಿಂದಲೇ ಮನೆಯವರನ್ನು ಗುರುತಿಸುವುದೂ ಉಂಟು. ನಮ್ಮದು ಹಳ್ಳದ ಮೋರಿ ದಾಟಿದ ಕೂಡಲೇ ಶುರುವಾಗಿ, ಹಲಸಿನ ಮರದ ಹತ್ತಿರ ಥಟ್ಟನೆ ಎಡಕ್ಕೆ ಹೊರಳಿ, ಕಣದ ಅಂಚಿಗೆ ಬಂದು ಮುಗಿಯುತ್ತದೆ. ಫೆಬ್ರವರಿಯಲ್ಲಿ ನೆಂಟರ ಆಲ್ಟೋ ಕೂಡ ಹಾಡಿಕೊಂಡು ಬರುತ್ತದೆ. ಜುಲೈಯಲ್ಲಿ ಅದೇ ನೆಂಟರು ಕಾರನ್ನು ಮೋರಿಯ ಬಳಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಉಂಬಳ ಕೀಳುತ್ತಾ ನಡೆದು ಬರುತ್ತಾರೆ.

ಅಪ್ಪನ ಕಾಲದಲ್ಲಿ ಈ ಏರಿಗೆ ಮಹೀಂದ್ರ ಜೀಪು ಬಿಟ್ಟರೆ ಬೇರೆ ಉತ್ತರ ಇರಲಿಲ್ಲ. 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪನ್ನು ಭಾರತದಲ್ಲಿ ಜೋಡಿಸಲು ಹೊರಟ ಕಂಪನಿಯ ಗಾಡಿ ಮಲೆನಾಡಿಗೂ ಕೊಡಗಿಗೂ ಹತ್ತಿ ಬಂದು ಇಲ್ಲಿಯದೇ ಆಗಿಬಿಟ್ಟಿತ್ತು. ನಮ್ಮದರ ಪೆಟ್ರೋಲ್ ಎಂಜಿನ್ನನ್ನು ಅಪ್ಪ ಯಾವಾಗಲೋ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದರು. ಆಮೇಲೆ ಅದು ಹತ್ತುವಾಗ ಲೈನ್ ಮನೆಗಳ ಹಂಚು ನಡುಗುತ್ತಿತ್ತು. ಕಾಫಿ ಮೂಟೆ, ಗೊಬ್ಬರ, ಹೆರಿಗೆ ನೋವು ಬಂದ ಹೆಂಗಸರು, ಮದುವೆ ದಿಬ್ಬಣ, ಎಲ್ಲವೂ ಅದರಲ್ಲೇ. ‘ಗಾಡಿ ಅಂದ್ಮೇಲೆ ತೂಕ ಇರ್ಬೇಕು ಕಣೋ’ ಎನ್ನುವುದು ಅಪ್ಪನ ಸಿದ್ಧಾಂತ. ಆ ತೂಕ ಕೆಸರಲ್ಲಿ ಹೂತಾಗ ಎಳೆಯುವುದಕ್ಕೆ ಊರೇ ಬರಬೇಕಾಗುತ್ತಿತ್ತು ಎಂಬ ಸಂಗತಿ ಸಿದ್ಧಾಂತದಲ್ಲಿ ಸೇರಿರಲಿಲ್ಲ.

ಅದಕ್ಕೆ ಮೊದಲ ಪೆಟ್ಟು ಕೊಟ್ಟವರು ಅರಣ್ಯ ಇಲಾಖೆಯವರು. ನಾನು ಹೈಸ್ಕೂಲಿನಲ್ಲಿದ್ದಾಗ, ಮರದ ಪರ್ಮಿಟ್ಟಿನ ವಿಷಯಕ್ಕೆ ರೇಂಜರು ಒಂದು ಬಿಳಿ ಜಿಪ್ಸಿಯಲ್ಲಿ ಬಂದರು. ಆಷಾಢದ ಮಳೆ. ನಮ್ಮ ಜೀಪು ಹಲಸಿನ ಮರದ ತಿರುವಿನಲ್ಲಿ ಎರಡು ದಿನದಿಂದ ವಾಲಿಕೊಂಡು ನಿಂತಿತ್ತು. ಆ ಪುಟ್ಟ ಬಿಳಿ ಗಾಡಿ ಅದರ ಪಕ್ಕದಲ್ಲೇ ನುಸುಳಿ, ಎರಡು ಸಲ ಜಾರಿ, ಮೂರನೆಯ ಸಲ ಕಣಕ್ಕೆ ಬಂದು ನಿಂತಿತು. ಸದ್ದೂ ಹೆಚ್ಚಿಲ್ಲ. ಅಪ್ಪ ರೇಂಜರಿಗೆ ಕಾಫಿ ಕೊಟ್ಟರು, ಜಿಪ್ಸಿಯ ಬಾನೆಟ್ಟನ್ನು ಬೆರಳಿನಿಂದ ತಟ್ಟಿ ನೋಡಿದರು, ‘ತಗಡು’ ಎಂದರು. ಆ ತೀರ್ಪು ಬಹಳ ವರ್ಷ ಜಾರಿಯಲ್ಲಿತ್ತು.

ಆ ತಗಡು ಅಷ್ಟು ಪುಟ್ಟದಾಗಿರುವುದಕ್ಕೆ ಜಪಾನಿನ ಒಂದು ಕಾನೂನು ಕಾರಣ. ಯುದ್ಧದಲ್ಲಿ ಸೋತು ಎದ್ದ ಆ ದೇಶದಲ್ಲಿ ಸಣ್ಣ ಕಾರುಗಳಿಗೆಂದೇ ಒಂದು ವರ್ಗ ಮಾಡಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿದ್ದರು. ಉದ್ದ 3 ಮೀಟರ್ ಮೀರಬಾರದು, ಅಗಲ 1.3 ಮೀಟರ್, ಎಂಜಿನ್ 360 ಸಿಸಿ. ಹೋಪ್ ಮೋಟಾರ್ ಎಂಬ ಸಣ್ಣ ಕಂಪನಿ ಈ ಚೌಕಟ್ಟಿನೊಳಗೇ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿಯೊಂದನ್ನು ಕಟ್ಟಿತು. ವ್ಯಾಪಾರ ಕುದುರಲಿಲ್ಲ. 1968ರಲ್ಲಿ ಸುಜುಕಿ ಕಂಪನಿ ಅದರ ಹಕ್ಕುಗಳನ್ನು ಕೊಂಡಿತು. ಕೊಳ್ಳಬೇಕೆಂದು ಹಟ ಹಿಡಿದವರು ಮುಂದೆ ಕಂಪನಿಯ ಅಧ್ಯಕ್ಷರಾದ, ನಮ್ಮ ಮಾರುತಿಗೂ ಕಾರಣರಾದ ಒಸಾಮು ಸುಜುಕಿ. 1970ರಲ್ಲಿ ಅದು ಜಿಮ್ನಿ ಎಂಬ ಹೆಸರಿನಲ್ಲಿ ಹೊರಬಂತು. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್, 25 ಅಶ್ವಶಕ್ತಿ. ಸ್ಟೆಪ್ನಿ ಚಕ್ರವನ್ನು ಹಿಂದೆ ನೇತುಹಾಕಿದರೆ ಉದ್ದ 3 ಮೀಟರ್ ದಾಟುತ್ತದೆಂದು ಅದನ್ನು ಗಾಡಿಯ ಒಳಗೇ ಕೂರಿಸಿದರು. ಪರಿಣಾಮವಾಗಿ ಒಬ್ಬ ಮನುಷ್ಯನ ಜಾಗ ಚಕ್ರದ ಪಾಲಾಯಿತು. ತೆರಿಗೆ ಉಳಿಸಲು ಇಷ್ಟೊಂದು ಬುದ್ಧಿ ಖರ್ಚು ಮಾಡುವ ಜನ ನಮಗೆ ಪರಕೀಯರಲ್ಲ.

ಅದರ ಮುಂದಿನ ತಲೆಮಾರು ಉದ್ದವಾಗಿ, ಫೋರ್ ಸ್ಟ್ರೋಕ್ ಆಗಿ, 1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿಯೆಂದು ನಮ್ಮಲ್ಲಿಗೆ ಬಂತು. 970 ಸಿಸಿ, 45 ಅಶ್ವಶಕ್ತಿ, ನಾಲ್ಕು ಗೇರು. ಟಾರ್ಪಾಲಿನ ಗಾಡಿಯ ತೂಕ ಒಂದು ಟನ್ನಿಗೂ ಕಡಿಮೆ. 1993ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿಸಿದರು, 1996ರಲ್ಲಿ 1.3 ಲೀಟರಿನ ಎಂಜಿನ್ನೂ ಐದನೇ ಗೇರೂ ಸೇರಿ ‘ಕಿಂಗ್’ ಆಯಿತು, 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದು 80 ಅಶ್ವಶಕ್ತಿ ಮುಟ್ಟಿತು. ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್ ಪ್ಲೇಟುಗಳು ಮಾತ್ರ ಕೊನೆಯವರೆಗೂ ಹಾಗೇ ಉಳಿದವು. 2019ರ ಮಾರ್ಚಿನಲ್ಲಿ, ಹೊಸ ಸುರಕ್ಷತಾ ನಿಯಮಗಳ ಎದುರು ನಿಲ್ಲಲಾಗದೆ, ಜಿಪ್ಸಿ ನಿಂತಿತು. ಸೇನೆ, ಪೊಲೀಸು, ರಣಥಂಬೋರ್ ಮತ್ತು ಕಾರ್ಬೆಟ್‌ನ ಸಫಾರಿ ಇವುಗಳೇ ಅದನ್ನು ಅಷ್ಟು ಕಾಲ ಬದುಕಿಸಿದ್ದು. ಸಂಸಾರಸ್ಥರು ಕೊಂಡದ್ದು ಕಡಿಮೆ. ಹಿಂದಿನ ಸೀಟಿನಲ್ಲಿ ಮುಖಾಮುಖಿ ಕೂತು ಮೂಡಿಗೆರೆಯಿಂದ ಬೆಂಗಳೂರಿಗೆ ಹೋದ ಯಾವ ಸಂಸಾರವೂ ಅದನ್ನು ಎರಡನೇ ಸಲ ಕೊಳ್ಳುವುದಿಲ್ಲ.

ಅಪ್ಪನಿಗೆ ಮಂಡಿ ನೋವು ಶುರುವಾಗಿ ಜೀಪಿನ ಕ್ಲಚ್ ತುಳಿಯಲಾಗದೆ ಅದನ್ನು ಕೊಟ್ಟ ಮೇಲೆ, ನನ್ನ ಸರದಿ ಬಂತು. 2023ರ ಜೂನಿನಲ್ಲಿ ಐದು ಬಾಗಿಲಿನ ಹೊಸ ಜಿಮ್ನಿ ಬಂದಾಗ ಶೋರೂಮಿಗೆ ಹೋಗಿ ಕೂತು ಬಂದಿದ್ದೇನೆ. ಆರಂಭದ ಬೆಲೆ 12.74 ಲಕ್ಷ. ಆ ವರ್ಷದ ಕಾಫಿಯ ದುಡ್ಡು ಅದಾಗಲೇ ಬ್ಯಾಂಕಿನವರ ಪುಸ್ತಕದಲ್ಲಿ ಜಮೆಯಾಗಿತ್ತು. ಹಳೆಯ ಡಸ್ಟರ್ ನೋಡು ಎಂದರು ಕೆಲವರು. ನಾಲ್ಕೂ ಚಕ್ರ ತಿರುಗುವ ಡಸ್ಟರ್ 2014ರಲ್ಲಿ ಬಂದಿತ್ತು. ಒಳ್ಳೆಯ ಗಾಡಿಯೇ. ಆದರೆ ಅದಕ್ಕೆ ಲೋ ಗೇರ್ ಇಲ್ಲ. ಮೂಟೆ ತುಂಬಿಕೊಂಡು ನಿಂತಲ್ಲಿಂದ ಏರು ಹತ್ತಬೇಕಾದಾಗ, ಆಮೆಯ ವೇಗದಲ್ಲಿ ಎಳೆಯುವ ಆ ಇನ್ನೊಂದು ಪುಟ್ಟ ಗೇರ್ ಕೋಲಿನ ಬೆಲೆ ಗೊತ್ತಾಗುತ್ತದೆ. ಕೊನೆಗೆ ಉಳಿದದ್ದು ಹಳೆಯ ಜಿಪ್ಸಿ. ನಮ್ಮ ಗ್ಯಾರೇಜಿನ ಸಾಬರೂ ಅದಕ್ಕೇ ಓಟು ಹಾಕಿದರು. ‘ಕೆಸರಲ್ಲಿ ಎಮ್ಮೆ ಹೂತ್ಕೊಳ್ತದೆ, ಆಡು ದಾಟ್ತದೆ ಗೌಡ್ರೆ. ಅಷ್ಟೇ ಲೆಕ್ಕ.’

ಆ ಲೆಕ್ಕ ಸರಿಯೇ. 2007ರಲ್ಲಿ ಚಿಲಿ ದೇಶದವರು ಇದೇ ಕುಲದ ಸುಜುಕಿಯೊಂದನ್ನು ತಿದ್ದಿ ತೀಡಿ, ಓಹೋಸ್ ದೆಲ್ ಸಲಾದೊ ಜ್ವಾಲಾಮುಖಿಯ ಮೇಲೆ 6,688 ಮೀಟರ್ ಎತ್ತರಕ್ಕೆ ಹತ್ತಿಸಿ ದಾಖಲೆ ಮಾಡಿದ್ದರು. ನಮ್ಮ ಏರಿಗೆ ಅಷ್ಟು ಬೇಕಿಲ್ಲ. ಆದರೆ ಹಳೆಯ ಜಿಪ್ಸಿ ಕೊಳ್ಳಲು ಹೊರಟವನಿಗೆ ಬೇಗನೆ ತಿಳಿಯುವ ಸತ್ಯವೇನೆಂದರೆ, ಮಾರುವವನು ನಿಮಗೆ ತೋರಿಸುವುದೆಲ್ಲ ಗಾಡಿಯ ಮೇಲ್ಭಾಗ. ನೀವು ಕೊಳ್ಳುವುದೆಲ್ಲ ಕೆಳಭಾಗ. ಬಣ್ಣ, ಸೀಟು, ಸ್ಟೀರಿಯೊ, ದಪ್ಪ ಟೈರು, ಬಾನೆಟ್ಟಿನ ಮೇಲೆ ಒಂದು ಸಾಲು ದೀಪ, ಇವೆಲ್ಲ ಒಂದು ತಿಂಗಳಲ್ಲಿ ಬರುವಂಥವು. ಕೆಳಗಿನದು ಇಪ್ಪತ್ತು ಇಪ್ಪತ್ತೈದು ವರ್ಷದ ಬಾಳುವೆ.

ಹಾಗಾಗಿ ಸಾಬರು ನನಗೊಂದು ಶಿಸ್ತು ಕಲಿಸಿದರು. ಹೋದ ಕೂಡಲೇ ಮಾರುವವರಿಗೆ ನಮಸ್ಕಾರ ಹೇಳುವುದು, ಹಳೆಯ ಗೋಣಿಚೀಲ ಹಾಸುವುದು, ಗಾಡಿಯ ಅಡಿಯಲ್ಲಿ ಮಲಗುವುದು. ಬೆಲೆಯ ಮಾತು ಆಮೇಲೆ.

ಬೆಂಗಳೂರಿನ ಹೊರವಲಯದಲ್ಲಿ ಒಬ್ಬ ಬ್ರೋಕರು ತೋರಿಸಿದ ಜಿಪ್ಸಿ ಫೋಟೋದಲ್ಲಿ ಮದುಮಗನ ಹಾಗಿತ್ತು. ಬಾಗಿಲ ಮೇಲೆ ‘4×4’ ಎಂಬ ಸ್ಟಿಕರು ಅಂಗೈಯಗಲ. ಗೋಣಿ ಹಾಸಿ ಅಡಿಗೆ ಜಾರಿದರೆ, ಎಂಜಿನ್ನಿನ ಕಡೆಯಿಂದ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇಲ್ಲ! ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ಟ್ರಾನ್ಸ್‌ಫರ್ ಕೇಸ್ ಬೇರೆ. ಗೇರ್‌ಬಾಕ್ಸಿನಿಂದ ಒಂದು ಮೋಟು ಶಾಫ್ಟ್ ಅಲ್ಲಿಗೆ ಬರುತ್ತದೆ, ಅಲ್ಲಿಂದ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಹೋಗುತ್ತವೆ. ಟ್ರಾನ್ಸ್‌ಫರ್ ಕೇಸ್ ಊಳಿಡಲು ಶುರುಮಾಡಿದರೆ, ಅಥವಾ ಶಾಫ್ಟಿನ ಕೀಲುಗಳಲ್ಲಿರುವ ಕ್ರಾಸುಗಳು ಸವೆದು ಕಟಕಟ ಎನ್ನತೊಡಗಿದರೆ, ರಿಪೇರಿಯ ಬದಲು ಮುಂದಿನದನ್ನು ಬಿಚ್ಚಿ ಮೂಲೆಗೆಸೆಯುವುದು ಒಂದು ಅಗ್ಗದ ಉಪಾಯ. ಟಾರು ರಸ್ತೆಯಲ್ಲಿ ವ್ಯತ್ಯಾಸವೇ ತಿಳಿಯದು. ‘ಫೋರ್ ವೀಲ್ ಎಲ್ಲಿ ಸ್ವಾಮಿ?’ ಎಂದೆ. ‘ಸಿಟೀಲಿ ಅದ್ಯಾಕೆ ಸಾರ್?’ ಎಂದ ಬ್ರೋಕರು, ನಿಜವಾಗಿಯೂ ಆಶ್ಚರ್ಯಪಟ್ಟು.

ಅವನ ಪ್ರಶ್ನೆಯಲ್ಲಿ ಅರ್ಥವಿಲ್ಲದೇ ಇಲ್ಲ. ಜಿಪ್ಸಿಯಂಥ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಕೆಸರಿನಲ್ಲಿ ಯಾವುದೋ ಒಂದು ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಒಣಗಿದ ಟಾರಿನಲ್ಲಿ ಜಾರಲು ಜಾಗವಿಲ್ಲ. ಹೊರೆಯೆಲ್ಲ ಹಲ್ಲುಗಳ ಮೇಲೆ, ಕ್ರಾಸುಗಳ ಮೇಲೆ. ‘ಫೋರ್ ವೀಲ್ ಇದೆಯಲ್ಲ’ ಎಂದು ಸದಾ ಹಾಕಿಕೊಂಡೇ ಓಡಿಸಿದ ಶೂರರ ಗಾಡಿಗಳನ್ನು ಹೀಗೆ ಪತ್ತೆ ಮಾಡಬಹುದು: ಮಣ್ಣಿನ ರಸ್ತೆಯಲ್ಲಿ ಫೋರ್ ಹಾಕಿ, ಎಳೆಯುವಾಗ ಒಮ್ಮೆಲೇ ಆಕ್ಸಿಲರೇಟರ್ ಬಿಟ್ಟರೆ ಕೋಲು ತಾನಾಗಿಯೇ ಹೊರಗೆ ಬಂದುಬಿಡುತ್ತದೆ. ಇದಕ್ಕೆ ವಿರುದ್ಧವಾದವರೂ ಇದ್ದರು. ಮೊದಮೊದಲ ಜಿಪ್ಸಿಗಳಲ್ಲಿ, ಫೋರ್ ವೀಲ್ ಬೇಡವಾದಾಗ ಮುಂದಿನ ಆಕ್ಸಲನ್ನು ಚಕ್ರದಿಂದ ಬಿಡಿಸುವ ಹಬ್ಬುಗಳನ್ನು ಕೊಟ್ಟಿದ್ದರು. ಎಷ್ಟೋ ಮಾಲೀಕರು ಅವನ್ನು ಮುಟ್ಟಲೇ ಇಲ್ಲ, ಪೆಟ್ರೋಲ್ ಕುಡಿಯುತ್ತದೆ ಎಂದು ಬೈದರು. ಕೊನೆಗೆ ಕಂಪನಿಯವರೇ ಅವನ್ನು ಕೈಬಿಟ್ಟರು.

ಸೇನೆಯ ಹರಾಜಿನ ಜಿಪ್ಸಿಯ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ, ನನಗೂ ಬಂತು. ಕೊಡಗಿನಲ್ಲಿ ಅಂಥದೊಂದನ್ನು ನೋಡಿದೆ. ಎಂಜಿನ್ ಪರವಾಗಿಲ್ಲ, ಕಾಲಕಾಲಕ್ಕೆ ಆಯಿಲ್ ಕಂಡಿದೆ. ಆದರೆ ಅದೆಷ್ಟು ಡ್ರೈವರುಗಳ ಕಾಲು ಅದರ ಕ್ಲಚ್ ಮೇಲೆ ಕೂತಿತ್ತೋ ದೇವರೇ ಬಲ್ಲ. ಅದಕ್ಕಿಂತ ಹೆಚ್ಚಾಗಿ ಕಾಗದಪತ್ರದ ಕತೆ: ಸೇನೆಯ ನಂಬರು ಹೋಗಿ ಊರಿನ ನಂಬರು ಬರಬೇಕು, ಬಣ್ಣವನ್ನೂ ಬದಲಿಸಬೇಕು. ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಎಂದು ಮೋಟಾರು ವಾಹನ ನಿಯಮವೇ ಇದೆ. ಈ ಗಾಡಿಗೆ ಮೇಲೆ ಬಿಳಿ ಬಳಿದಿದ್ದರು, ಕೆಳಗೆಲ್ಲ ಹಸಿರು ಹಾಗೇ ಇತ್ತು. ದೆಹಲಿಯ ಗಾಡಿಗಳದ್ದು ಇನ್ನೊಂದು ರಾಗ. 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಅಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿದ ಮೇಲೆ, ಎನ್‌ಒಸಿ ಹಿಡಿದುಕೊಂಡು ದಕ್ಷಿಣಕ್ಕೆ ಬಂದವು ಬಹಳ. ಬೆಲೆ ಕಡಿಮೆ, ಇಲ್ಲಿ ತೆರಿಗೆ ಕಟ್ಟಿ ನಂಬರು ಹಾಕಿಸುವಷ್ಟರಲ್ಲಿ ಕಡಿಮೆ ಅನ್ನುವುದು ಉಳಿಯುವುದಿಲ್ಲ. ನಮ್ಮಲ್ಲೂ 15 ವರ್ಷವಾದರೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, 2022ರ ಏಪ್ರಿಲಿನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು.

ಕಾಗದಪತ್ರ ಸರಿಯಿದ್ದರೂ ನಾನು ನೋಡದೇ ಬಿಟ್ಟ ಜಿಪ್ಸಿಗಳೂ ಇದ್ದವು. ಅಮೆರಿಕದಲ್ಲಿ ಇದೇ ಕುಲದ ಗಾಡಿ ಸಮುರಾಯ್ ಹೆಸರಿನಲ್ಲಿ ಮಾರಾಟವಾದಾಗ, 1988ರಲ್ಲಿ ಗ್ರಾಹಕರ ಪತ್ರಿಕೆಯೊಂದು ಇದು ಥಟ್ಟನೆ ಹೊರಳಿಸಿದರೆ ಮಗುಚಬಹುದು ಎಂದು ಬರೆಯಿತು. ಕಂಪನಿ ಕೋರ್ಟಿಗೆ ಹೋಯಿತು, 2004ರಲ್ಲಿ ರಾಜಿಯಾಯಿತು. ಯಾರ ಪರ ನ್ಯಾಯವಿತ್ತೋ ಏನೋ, ಕಿರಿದಾದ ಎತ್ತರದ ಗಾಡಿಯನ್ನು ಇನ್ನಷ್ಟು ಎತ್ತರ ಮಾಡುವುದು ಜಾಣತನವಲ್ಲ ಎನ್ನುವುದಂತೂ ಉಳಿಯುತ್ತದೆ. ಲಿಫ್ಟ್ ಮಾಡಿದ, ದಪ್ಪ ಟೈರಿನ ಜಿಪ್ಸಿ ಕಂಡರೆ ನಾನು ಗೋಣಿಯನ್ನೇ ಬಿಚ್ಚುತ್ತಿರಲಿಲ್ಲ.

ಕಡೆಗೆ ಸಿಕ್ಕಿದ್ದು ನಿವೃತ್ತರಾದ ಎಸ್ಟೇಟ್ ಮ್ಯಾನೇಜರೊಬ್ಬರ ಜಿಪ್ಸಿ ಕಿಂಗ್. ಕೊಟ್ಟಿಗೆಯ ಪಕ್ಕ ಕೋಳಿಗಳ ಜೊತೆ ನಿಂತಿತ್ತು. ಕೆಸರು ತೊಳೆದಿರಲಿಲ್ಲ, ಟಾರ್ಪಾಲಿಗೆ ತೇಪೆ. ಸಾಬರು ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣದ ಸದ್ದು ಬೇರೆ, ತುಕ್ಕು ತಿಂದು ಮೇಲೆ ಬಣ್ಣ ಬಳಿದದ್ದರ ಸದ್ದು ಬೇರೆ. ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಕಾಲಿಡುವ ತಗಡು, ಮುಂದಿನ ಗಾಜಿನ ಚೌಕಟ್ಟಿನ ಬುಡ, ನೀರು ನಿಲ್ಲುವ ಕಡೆಯೆಲ್ಲ ಬೆರಳಾಡಿಸಿದರು. ಪುಟ್ಟಿ ಇದ್ದಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ, ಅದಕ್ಕೆಂದೇ ಹಳೆಯ ಸ್ಪೀಕರಿನದೊಂದನ್ನು ಜೇಬಿನಲ್ಲಿಟ್ಟಿದ್ದರು. ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಾಡಿಸಿದರು. ಅಲ್ಲಿ ಆಟ ಇದ್ದರೆ 60ರ ವೇಗದಲ್ಲಿ ಸ್ಟೀರಿಂಗ್ ಕೈಯಲ್ಲಿ ಕುಣಿಯುತ್ತದಂತೆ. ಆಯಿಲ್ ಮುಚ್ಚಳ ತೆಗೆದು ಮೂಸಿದರು, ಒಳಗೆ ಹಾಲಿನಂಥ ಕೆನೆ ಇಲ್ಲ ಎಂದು ತೋರಿಸಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿಯೊಂದಿಗೆ ಹೋಲಿಸಿದ್ದು ನಾನು. ಅದು ಓದಿದವನ ಪಾಲಿನ ಕೆಲಸ ಎಂದು ನನಗೆ ಬಿಟ್ಟಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಮ್ಯಾನೇಜರ ಮಾತು. ಅವರು ‘ಏನೂ ತೊಂದರೆ ಇಲ್ಲ’ ಎನ್ನಲಿಲ್ಲ. ‘ಎರಡನೇ ಗೇರು ಬೆಳಿಗ್ಗೆ ಹಟ ಮಾಡ್ತದೆ. ಎಡಗಡೆ ಮುಂದಿನ ಚಕ್ರದ ನಕಲ್‌ನಲ್ಲಿ ಆಯಿಲ್ ಸೋರ್ತದೆ, ಸೀಲು ಹಾಕಿಸ್ಬೇಕು. ನೀರು ದಾಟಿಸಿದ್ರೆ ಹೌಸಿಂಗ್ ಆಯಿಲ್ ನೋಡ್ಕೊಳ್ಳಿ’ ಎಂದರು. ತಾವು ಯಾವಾಗ ಏನು ಮಾಡಿಸಿದೆವು ಎಂದು ಕಾಫಿ ಕೊಯ್ಲಿನ ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದಿಟ್ಟಿದ್ದರು. ಅದರ ಪ್ರಕಾರ ಆ ಗಾಡಿಗೆ ಬಂದ ಕಾಯಿಲೆಗಳೆಲ್ಲ ಮೂಡಿಗೆರೆಯಲ್ಲೇ, ಹೆಚ್ಚೆಂದರೆ ಹಾಸನದ ಬಿಡಿಭಾಗದ ಅಂಗಡಿಯಲ್ಲಿ, ವಾಸಿಯಾಗಿದ್ದವು. ನಂಬಿಕೆಯ ಗಾಡಿ ಎಂದರೆ ಕೆಡದ ಗಾಡಿಯೆಂದು ಬೆಂಗಳೂರಿನ ಗೆಳೆಯರು ತಿಳಿದಿದ್ದಾರೆ. ನನಗೆ ಬೇಕಿದ್ದುದು ಎಲ್ಲಿ ಕೆಡುತ್ತದೆ ಎಂದು ಮೊದಲೇ ಗೊತ್ತಿರುವ, ಸಾಬರ ಪಾನಾ ಮುಟ್ಟುವಲ್ಲೇ ಕೆಡುವ ಗಾಡಿ. ಬೆಲೆಯ ಮಾತು ಒಂದು ಲೋಟ ಕಾಫಿಯಲ್ಲಿ ಮುಗಿಯಿತು. ಆರ್‌ಸಿ ವರ್ಗಾವಣೆಯ ಫಾರಂ 29, 30ಕ್ಕೆ ಅಲ್ಲೇ ಸಹಿ ಹಾಕಿಸಿಕೊಂಡೆ.

ಅಪ್ಪ ಮೊದಲ ದಿನ ಬಾನೆಟ್ಟು ತಟ್ಟಿ ನೋಡಿದರು, ಏನೂ ಹೇಳಲಿಲ್ಲ. ಮಳೆ ಹಿಡಿದ ಮೇಲೆ ಔಷಧಿ ಅಂಗಡಿಗೆ, ಸಂತೆಗೆ, ಕೊನೆಗೆ ಕಾರಣವಿಲ್ಲದೆ ಕೊಟ್ಟಿಗೆಹಾರಕ್ಕೂ ಅದರಲ್ಲೇ ಹೊರಟರು. ತೂಕದ ಸಿದ್ಧಾಂತ ಈಗ ಸ್ವಲ್ಪ ತಿದ್ದುಪಡಿಯಾಗಿದೆ: ಗಾಡಿಗೆ ತೂಕ ಬೇಕಿಲ್ಲ, ಓಡಿಸುವವನಿಗೆ ಬೇಕು, ಮತ್ತು ಅದು ನನ್ನಲ್ಲಿಲ್ಲ. ಪೆಟ್ರೋಲ್ ಮಾತ್ರ ನನ್ನ ಹೆಂಡತಿಯ ಲೆಕ್ಕದಲ್ಲಿ ಇನ್ನೂ ದಾಟದ ಹಳ್ಳ. ಲೀಟರಿಗೆ ಹತ್ತು ಕಿಲೋಮೀಟರ್ ಬಂದರೆ ಅವಳಿಗೆ ಹೇಳುತ್ತೇನೆ. ಏರಿನ ಮೇಲೆ ಲೋ ಗೇರಿನಲ್ಲಿ ಎಷ್ಟು ಬರುತ್ತದೆ ಎಂದು ಅವಳು ಕೇಳಿಲ್ಲ, ನಾನೂ ಅಳೆದಿಲ್ಲ. ಎಡಗಡೆಯ ನಕಲ್ ಮತ್ತೆ ಸೋರಲು ಶುರುವಾಗಿದೆ. ಮೇ ಮುಗಿಯುವುದರೊಳಗೆ ಸೀಲು ಬದಲಾಯಿಸಬೇಕು, ಭಾನುವಾರ ಬೆಳಿಗ್ಗೆ ಬನ್ನಿ ಎಂದಿದ್ದಾರೆ ಸಾಬರು, ಗೋಣಿ ಮರೀಬೇಡಿ ಎಂದೂ.