ನೌನ್ ಕ್ಲಾಜೂ ನಮ್ಮ ಹಸುವಿನ ಸಾಲವೂ

ನಮ್ಮ ಮನೆತನದಲ್ಲಿ ಇಂಗ್ಲಿಷ್ ಕಲಿತವರಲ್ಲಿ ನಾನೇ ಮೊದಲಿಗ. ಆದ್ದರಿಂದ ಪ್ರಥಮ ಬಿ.ಎ.ಗೆ ಸೇರಿದ ವರ್ಷವೇ, ಹಸು ಕೊಳ್ಳಲು ಕೇಳಿದ್ದ ಸಾಲದ ವಿಚಾರವಾಗಿ ಒಂದು ಬ್ಯಾಂಕಿಗೆ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿನ ಅಧಿಕಾರಿಗಳಿಗೆ ಕನ್ನಡ ಬಾರದು. "ದುಡ್ಡು ಯಾವಾಗ ಬರ್ತದೋ ಕೇಳಿ ಬರಿ, ಮಗಾ" ಎಂದರು ತಂದೆಯವರು. ನಾನು ಬರೆದೆ: "ಪ್ಲೀಸ್ ಟೆಲ್ ಮಿ ದಟ್ ವೆನ್ ವಿಲ್ ದಿ ಲೋನ್ ಕಮ್." ಅಧಿಕಾರಿಗಳು ಅದನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಿ ನಕ್ಕರು. ತಂದೆಯವರಿಗೆ ಕಾರಣ ತಿಳಿಯದು; ಸಾಹೇಬರು ನಕ್ಕರೆಂದು ತಾವೂ ನಕ್ಕರು. ಆ ನಗು ನನ್ನನ್ನು ಬಹಳ ದಿನ ಬಿಡಲಿಲ್ಲ.

ತಪ್ಪು ಎಲ್ಲಿತ್ತೆಂಬುದು ತಿಳಿದದ್ದು ಮರುವರ್ಷ, ನಮ್ಮ ಅಧ್ಯಾಪಕರು ನೌನ್ ಕ್ಲಾಜಿನ ಪಾಠ ಮಾಡಿದಾಗ. ಹೆಸರು ಕೇಳಿ ಅದೂ ಒಂದು ತರಗತಿಯೆಂದೇ ನಾನು ತಿಳಿದಿದ್ದೆ. ಮಿತ್ರರು ನಗುವುದಾದರೆ ನಗಲಿ. ಒಂದು ಉಪವಾಕ್ಯ ನಾಮಪದದ ಜಾಗದಲ್ಲಿ ಕುಳಿತರೆ ಅದೇ ನೌನ್ ಕ್ಲಾಜ್. ಅದನ್ನು ತೆಗೆದು ಆ ಜಾಗಕ್ಕೆ 'ಸಮ್‌ಥಿಂಗ್' ಎಂದಿಟ್ಟು ನೋಡಿ, ವಾಕ್ಯ ನಿಂತರೆ ಸರಿ ಎಂದರು ಅವರು. 'ವಾಟ್ ಹಿ ಸೆಡ್ ಈಸ್ ಟ್ರೂ' ಎಂಬಲ್ಲಿ ಮೊದಲ ಮೂರು ಪದಗಳೂ ಸೇರಿ ಕರ್ತೃ. ನಾವಾದರೋ 'ಅವನು ಹೇಳಿದ್ದು ನಿಜ' ಎಂದು ಮುಗಿಸಿಬಿಡುತ್ತೇವೆ. 'ಅವನು ಬಂದನೆಂಬ ಸುದ್ದಿ', 'ಅವನು ತಂದ ಸುದ್ದಿ' ಇವೆರಡಕ್ಕೂ ಇಂಗ್ಲಿಷಿನಲ್ಲಿ ಒಂದೇ 'ದಟ್' ನಡೆಯುತ್ತದೆ. ಆದರೆ ಮೊದಲನೆಯದು ಮಾತ್ರ ನೌನ್ ಕ್ಲಾಜ್. ನಮ್ಮ 'ಎಂಬ'ವನ್ನು ಬಲ್ಲವನಿಗೆ ಇಲ್ಲಿ ತೊಡಕಿಲ್ಲ.

ಅಂದು ರಾತ್ರಿ ನನ್ನ ಹಳೆಯ ವಾಕ್ಯವನ್ನು ಬಿಡಿಸಿ ನೋಡಿದೆ. ಕನ್ನಡದಲ್ಲಿ 'ಯಾವಾಗ ಬರುತ್ತದೆ' ಎಂಬ ಪ್ರಶ್ನೆಯನ್ನು ಹಾಗೆಯೇ ಇಟ್ಟು, ಕೊನೆಗೆ 'ಎಂದು' ಸೇರಿಸಿ 'ತಿಳಿಸಿ' ಎನ್ನಬಹುದು. ಆ 'ಎಂದು'ವನ್ನೇ ನಾನು 'ದಟ್' ಮಾಡಿದ್ದೆ. ಇಂಗ್ಲಿಷಿನಲ್ಲಿ 'ವೆನ್' ಬಂದ ಮೇಲೆ 'ದಟ್'ಗೆ ಅಲ್ಲಿ ಕೆಲಸವಿಲ್ಲ. ಜೋಡೆತ್ತಿನ ನೊಗಕ್ಕೆ ಮೂರನೆಯದನ್ನು ಕಟ್ಟಿದಂತೆ. ಇನ್ನೊಂದು ತಪ್ಪು, 'ವಿಲ್' ಮುಂದೆ ಬಂದದ್ದು. ನೇರ ಪ್ರಶ್ನೆಯಾದರೆ 'ವಿಲ್ ದಿ ಲೋನ್'. ಅದೇ ಪ್ರಶ್ನೆ ಮತ್ತೊಂದು ವಾಕ್ಯದ ಹೊಟ್ಟೆಗೆ ಸೇರಿದರೆ 'ದಿ ಲೋನ್ ವಿಲ್'. ನಮ್ಮಲ್ಲಿ ಪದಗಳು ಕದಲಬೇಕಾಗಿಲ್ಲ. 'ಬರ್ತದೋ' ಎಂದು ಬಾಲಕ್ಕೊಂದು 'ಓ' ಅಂಟಿದರೆ ಆಯಿತು. ಅಂದರೆ, ಹೆಬ್ಬೆಟ್ಟು ಒತ್ತುವ ನಮ್ಮ ತಂದೆಯವರು ಜಗಲಿಯ ಮೇಲೆ ಕುಳಿತು ನನಗೆ ಹೇಳಿದ್ದು ಒಪ್ಪವಾದ ನೌನ್ ಕ್ಲಾಜನ್ನೇ! ಕೆಡಿಸಿದವನು ಕಾಲೇಜು ಸೇರಿದ ನಾನು.

ಸಾಲ ಆಗ ಬರಲಿಲ್ಲ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮತ್ತೊಂದು ಅರ್ಜಿ ಬರೆದೆ: "ಪ್ಲೀಸ್ ಟೆಲ್ ಮಿ ವೆನ್ ದಿ ಲೋನ್ ವಿಲ್ ಕಮ್." ತಂದೆಯವರು ಹಾಳೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಯಾವಾಗ ಅಂತ ಕೇಳಿದ್ದೀಯೇನೋ?"

"ಕೇಳಿದ್ದೀನಪ್ಪಾ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತಿನಂಗೆ ನಗಾಕಿಲ್ವಲ್ಲ?" ಎಂದರು.