ನಮ್ಮ ಒಬೆಲಿಯಾ

ಬಿ.ಎಸ್ಸಿ. ಓದಿ ಫೈಲುಗಳ ನಡುವೆ ಕೂದಲು ಬೆಳ್ಳಗೆ ಮಾಡಿಕೊಂಡವರು ನಮ್ಮ ಬಳಗದಲ್ಲಿ ಅನೇಕರಿದ್ದಾರೆ. ಅಂಥವರಿಗೆ ಈ ಬರಹ ಬೇಗ ತಿಳಿದೀತು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ನಾವು ಸಮುದ್ರವನ್ನೇ ಕಂಡಿರಲಿಲ್ಲ. ಕಂಡದ್ದು ಗಾಜಿನ ಪಟ್ಟಿಯ ಮೇಲೆ ಬಣ್ಣ ಹಾಕಿ ಅಂಟಿಸಿದ ಒಬೆಲಿಯಾ ಎಂಬ ಕಡಲಜೀವಿಯನ್ನು. ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು ಕೊಟ್ಟು, ಚೂಪು ಮಾಡಿದ ಪೆನ್ಸಿಲಿನಿಂದ ಕಾಂಡ, ಕವಲು, ಬಟ್ಟಲಿನಂಥ ಹೈಡ್ರೋಥೀಕಾ, ಶೀಶೆಯಂಥ ಗೊನೋಥೀಕಾ ಎಂದು ಗೆರೆಯೆಳೆದು ಹೆಸರು ಬರೆದು, ಗುರುಗಳಿಂದ ಜರ್ನಲ್ಲಿನಲ್ಲಿ ಒಂದು ‘ಗುಡ್’ ಸಂಪಾದಿಸಿದ್ದೆವು. ಎಂ.ಎಸ್ಸಿ.ಗೆ ಸೀಟೂ ಸಿಕ್ಕಿತ್ತು. ಅದೇ ತಿಂಗಳು ಕೇಂದ್ರ ಸರಕಾರದ ನೇಮಕಾತಿಯ ಪತ್ರ ಬಂತು. ತಂದೆಯವರು ಆ ವರ್ಷವೇ ನಿವೃತ್ತರಾಗಿದ್ದರು. ಯಾವುದನ್ನು ಆರಿಸಿಕೊಂಡೆವೆಂದು ಬೇರೆ ಹೇಳಬೇಕೆ? ನೌಪಾಡಾದ ಎರಡು ಕೋಣೆಯ ಮನೆಯೂ ಬೆಳಗಿನ ಲೋಕಲ್ಲೂ ಅದಕ್ಕೆ ಸಾಕ್ಷಿ.

ಈಗ ಮಗಳು ಹನ್ನೆರಡನೆಯ ತರಗತಿ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಂಚಿ ಬಂದ ಸಂಜೆ, ತಾನು ಇಂಜಿನಿಯರಿಂಗಿನ ಪರೀಕ್ಷೆಗೆ ಕೂಡುವುದಿಲ್ಲ, ಪ್ರಾಣಿಶಾಸ್ತ್ರ ಓದಿ ಮುಂದೆ ಸಮುದ್ರಜೀವಿಗಳ ಅಭ್ಯಾಸ ಮಾಡುತ್ತೇನೆಂದು ಘೋಷಿಸಿದಳು. ನಮ್ಮ ಮನೆಯಾಕೆ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟರು. “ಮನ್ಯಾಗ ಒಬ್ಬರು ಬಿ.ಎಸ್ಸಿ. ಇದ್ದದ್ದು ಸಾಲದೇನು?” ಎಂಬ ಮಾತು ಮಗಳಿಗೆ ಹೇಳಿದ್ದೋ ನಮಗೋ ತಿಳಿಯಲಿಲ್ಲ. ನಾವು ಸುಮ್ಮನಿದ್ದೆವು. ಸುಮ್ಮನಿದ್ದದ್ದು ಇಬ್ಬರಿಗೂ ಸಿಟ್ಟು ತರಿಸಿತು.

ಮಗಳು ಜಗಳ ಮುಂದುವರಿಸಲಿಲ್ಲ. “ಒಂದು ಸಲ ನನ್ನ ಜೋಡಿ ಸಮುದ್ರಕ್ಕ ಬರ್ರಿ, ಆಮ್ಯಾಲೆ ಬೇಡ ಅನ್ರಿ” ಎಂದಳು. 2017ರಿಂದ ‘ಮರೈನ್ ಲೈಫ್ ಆಫ್ ಮುಂಬಯಿ’ ಎಂಬ ತಂಡದ ಸ್ವಯಂಸೇವಕರು ಇಳಿತದ ಹೊತ್ತಿನಲ್ಲಿ ಜನರನ್ನು ದಂಡೆಗೆ ಕರೆದೊಯ್ದು ಅಲ್ಲಿನ ಪ್ರಾಣಿಗಳನ್ನು ತೋರಿಸುತ್ತ ಬಂದಿದ್ದಾರೆ. ಅಂಥ ಒಂದು ನಡಿಗೆಗೆ ಅವಳು ಹಿಂದೆ ಹೋಗಿ ಬಂದಿದ್ದಳು. ರೋಗ ಅಲ್ಲಿಂದಲೇ ಹತ್ತಿದ್ದು.

ಇಳಿತದ ವೇಳೆಯನ್ನು ಗೊತ್ತುಮಾಡುವ ಯುಕ್ತಿಯನ್ನು ನಮಗೆ ಹೇಳಿಕೊಟ್ಟವರು ಕಚೇರಿಯಲ್ಲಿ ಪಕ್ಕದ ಮೇಜಿನ ಅಲಿಬಾಗದ ಗೃಹಸ್ಥರು. ಕೊಂಕಣದ ಹಳೆಯ ಲೆಕ್ಕವಂತೆ: ತಿಥಿಯ ಮುಕ್ಕಾಲು ಪಾಲು ಮಾಡಿದರೆ ಭರತದ ಗಂಟೆ ಬರುತ್ತದೆ. ಅಷ್ಟಮಿಗೆ ಆರು ಗಂಟೆ. ಹುಣ್ಣಿಮೆಗೆ ಹದಿನೈದರ ಮುಕ್ಕಾಲು, ಅಂದರೆ ಹನ್ನೊಂದೂಕಾಲು. ಅದಕ್ಕೆ ಆರು ಗಂಟೆ ಕೂಡಿಸಿದರೆ ಇಳಿತ. ಗಡಿಯಾರದ ಮಟ್ಟಿಗೆ ಸ್ವಲ್ಪ ಹಿಂದೆ ಮುಂದೆ ಆದೀತು, ಆದರೆ ಪಂಚಾಂಗವಿದ್ದವರಿಗೆ ಸಾಕು. ಅಷ್ಟಮಿಯ ಸುಮಾರಿಗೆ ನೀರು ಬಹಳ ಹಿಂದಕ್ಕೆ ಸರಿಯುವುದಿಲ್ಲ. ಬಂಡೆಗಳನ್ನು ನೋಡಬೇಕಾದರೆ ಹುಣ್ಣಿಮೆ ಅಮಾವಾಸ್ಯೆಗಳೇ ಆಗಬೇಕು. ಹೀಗೆ ಒಂದು ಹುಣ್ಣಿಮೆಯ ಭಾನುವಾರ ಠಾಣೆಯಿಂದ ದಾದರಿಗೆ, ಅಲ್ಲಿ ಗಾಡಿ ಬದಲಿಸಿ ಬಾಂದ್ರಾಕ್ಕೆ ಹೋಗಿ, ಸಂಜೆ ಐದರ ಸುಮಾರಿಗೆ ಕಾರ್ಟರ್ ರೋಡಿನ ಬಂಡೆಗಳ ಮೇಲೆ ಇಳಿದೆವು. ಮನೆಯಾಕೆಯೂ ಬಂದರು, ನಾವು ಕಾಲು ಜಾರಿ ಬಿದ್ದೇವೆಂಬ ಭಯದಿಂದ.

ಪ್ಲಾಸ್ಟಿಕ್ ಚೀಲ, ಒಡೆದ ಮೂರ್ತಿ, ಒಂಟಿ ಚಪ್ಪಲಿ, ಇವನ್ನು ದಾಟಿ ಹತ್ತು ಮಾರು ಮುಂದೆ ಹೋದರೆ ಲೋಕವೇ ಬೇರೆ. ಕಲ್ಲಿನ ಕುಳಿಗಳಲ್ಲಿ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಚಾಪೆಯಂತೆ ಏನೋ ಹರಡಿತ್ತು. ಕಡಲಹೂವು ಎಂದೆವು. ಅಲ್ಲ, ಝೋಆಂತಿಡ್ ಎಂದಳು ಮಗಳು: ಕಡಲಹೂವು ಒಂಟಿ, ಇವು ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡ ಕೂಡುಕುಟುಂಬ, ಕೆಲವು ಜಾತಿಯವುಗಳಲ್ಲಿ ಘೋರ ವಿಷವಿರುತ್ತದೆ, ಮುಟ್ಟಕೂಡದು. ಇನ್ನೊಂದು ಕುಳಿಯಲ್ಲಿ, ನೀರಿನ ಅಂಚಿಗೆ, ಕಂದು ಬಣ್ಣದ ಕೂದಲಿನ ಉಂಡೆ.

“ಪಾಚಿ,” ಎಂದೆವು ನಾವು.

“ನೋಡಿ ಹೇಳ್ರಿ ಅಪ್ಪಾ.”

ನೋಡುವುದೇನು? ಪದವೀಧರರ ಮಾತಿಗೆ ಪುರಾವೆಯಾಗಲೆಂದು ಬೆರಳು ಹಾಕಿ ಎತ್ತಿಯೇ ಬಿಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಬೆರಳ ಸಂದಿಯಲ್ಲಿ ತುರಚಿಸೊಪ್ಪು ತಗಲಿದಂತೆ ಉರಿ. ಅವಿವೇಕದ ಮೇಲೆ ಅವಿವೇಕವೆಂಬಂತೆ ಅದನ್ನು ಮರಳಿನಿಂದ ತಿಕ್ಕಿದೆವು; ಉರಿ ಇಮ್ಮಡಿಸಿತು. ಈ ಪ್ರಾಣಿಗಳ ಕುಟುಕುಕೋಶವೆಂದರೆ ಸುರುಳಿ ಸುತ್ತಿದ ದಾರವಿರುವ ಒಂದು ಪುಟ್ಟ ಕೋಶ, ತಗಲಿದೊಡನೆ ಸಿಡಿಯುತ್ತದೆ. ಹೈಡ್ರಾದಲ್ಲಿ ಅದರ ಮೊನೆ ಹೊರಚಿಮ್ಮುವುದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೂ ಬೇಡವೆಂದು ಅಳೆದಿದ್ದಾರೆ. ಚರ್ಮಕ್ಕಂಟಿದ ಕೋಶಗಳಲ್ಲಿ ಸಿಡಿಯದೆ ಉಳಿದವು ತಿಕ್ಕಿದಾಗ ಸಿಡಿಯುತ್ತವೆ. ಸಮುದ್ರದ ನೀರಿನಿಂದಲೇ ತೊಳೆಯಬೇಕು. ಇದನ್ನೆಲ್ಲ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದವರು ನಾವೇ!

ಮಗಳು ನಗಲಿಲ್ಲ. ನಮ್ಮ ಕೈ ತೊಳೆಸಿ, ಭೂತಗನ್ನಡಿ ಕೊಟ್ಟು ಬಗ್ಗಿ ನೋಡಲು ಹೇಳಿದಳು. ನೀರಿನ ಹೊರಗೆ ಮುದ್ದೆಯಾಗಿದ್ದದ್ದು ನೀರಿನೊಳಗೆ ಗರಿಗಳಾಗಿ ಬಿಚ್ಚಿಕೊಂಡಿತ್ತು. ನಡುವೆ ಗಟ್ಟಿ ದಂಟು, ಎರಡೂ ಕಡೆ ಕವಲು, ಕವಲಿನ ಉದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಸಣ್ಣ ಸಣ್ಣ ಬಟ್ಟಲು. ಹೈಡ್ರಾಯ್ಡ್! ಇಪ್ಪತ್ತೈದು ವರ್ಷದ ಹಿಂದೆ ಗೆರೆಯೆಳೆದು ಹೆಸರು ಬರೆದ ಬಟ್ಟಲು ಇಲ್ಲಿ ಜೀವಂತವಾಗಿತ್ತು. ಕಣ್ಣು ತೇವವಾಯಿತೆಂದರೆ ನಗಬೇಡಿ, ಉಪ್ಪುಗಾಳಿಯೂ ಇತ್ತು.

“ಒಬೆಲಿಯಾ!” ಎಂದೆವು.

“ಒಬೆಲಿಯಾ ಅಲ್ಲ. ಅದರ ಬಟ್ಟಲಿಗೆ ಉಂಗುರ ಉಂಗುರದ ಕಾಲು ಇರತದ, ಎಡಕ್ಕ ಒಂದು ಬಲಕ್ಕ ಒಂದು. ಇದರ ಬಟ್ಟಲಿಗೆ ಕಾಲಿಲ್ಲ, ಕವಲಿಗೇ ಅಂಟ್ಯಾವ, ಎಲ್ಲಾ ಒಂದೇ ಸಾಲಿಗೆ. ಗರಿ ಹೈಡ್ರಾಯ್ಡಿನ ಮನೆತನ. ಜಾತಿ ಯಾವುದು ಅಂತ ಸೂಕ್ಷ್ಮದರ್ಶಕ ಇಲ್ಲದ ಹೇಳಬಾರದು.”

ಪಾಚಿಯಂತೆಯೇ ಮೋಸ ಮಾಡುವ ಇನ್ನೊಂದು ಪ್ರಾಣಿವರ್ಗವನ್ನೂ ಹೇಳಿದಳು, ಬ್ರಯೋಝೋವಾ. ಅವುಗಳದು ಗೂಡು ಗೂಡಾದ ಜಾಲರಿಯ ಕಟ್ಟಡ. ಮುಟ್ಟಿದರೆ ಸಾಕು, ಗ್ರಹಣಾಂಗಗಳ ಕಿರೀಟವನ್ನು ಚಕ್ಕನೆ ಒಳಗೆಳೆದುಕೊಳ್ಳುತ್ತವೆ. ಹೈಡ್ರಾಯ್ಡ್ ಅಷ್ಟು ಚುರುಕಲ್ಲ. ನಮ್ಮ ಕಾಲದಲ್ಲಿ ಸೀಲೆಂಟರೇಟಾ ಎನ್ನುತ್ತಿದ್ದ ವಂಶಕ್ಕೆ ಈಗ ನೈಡೇರಿಯಾ ಎನ್ನಬೇಕಂತೆ. 2018ರ ಆಗಸ್ಟಿನಲ್ಲಿ ಗಿರಗಾಂವ ಚೌಪಾಟಿಯಲ್ಲಿ ಎಷ್ಟೋ ಜನರನ್ನು ಕುಟುಕಿದ ನೀಲಿ ಶೀಶೆ, ಪತ್ರಿಕೆಗಳು ಅಂಬಲಿಮೀನು ಎಂದು ಬರೆದದ್ದು, ವಾಸ್ತವವಾಗಿ ಈ ಹೈಡ್ರಾಯ್ಡುಗಳ ದಾಯಾದಿ, ಒಂದು ಪ್ರಾಣಿಯಂತೆ ಕಾಣುವ ಗುಂಪು. ಮಳೆಗಾಲದ ಗಾಳಿ ಅದನ್ನು ನಮ್ಮ ದಂಡೆಗೆ ತಳ್ಳುತ್ತದೆ.

ಮನೆಯಾಕೆ ದೂರದಲ್ಲಿ ಸೆರಗು ಎತ್ತಿ ಕಟ್ಟಿ ನಿಂತಿದ್ದರು. ಒಬೆಲಿಯಾದ ಬಾಳುವೆಯ ಕಥೆಯನ್ನು ಅವರಿಗೆ ಹೇಳಿದೆವು: ಕಲ್ಲಿಗೆ ಬೇರೂರಿದ ಗುಂಪು ತಾನು ಅಲುಗುವುದಿಲ್ಲ, ಪುಟ್ಟ ಕೊಡೆಗಳನ್ನು ಹಡೆದು ನೀರಿಗೆ ಬಿಡುತ್ತದೆ, ಅವು ತೇಲಿಹೋಗಿ ಮೊಟ್ಟೆಯಿಡುತ್ತವೆ, ಮರಿ ಮತ್ತೆಲ್ಲೋ ಒಂದು ಕಲ್ಲಿಗೆ ಅಂಟಿ ಹೊಸ ಗುಂಪಾಗುತ್ತದೆ.

“ಅಂದರ ನಮ್ಮ ಹಂಗs,” ಎಂದರು ಅವರು. “ಕಲ್ಲು ಧಾರವಾಡದಾಗ, ಕೊಡೆ ಠಾಣೆದಾಗ.”

ಕತ್ತಲಾಗುತ್ತಿತ್ತು. ಹಿಂದಿರುಗುವ ಗಾಡಿಯಲ್ಲಿ ಮಗಳು 2020ರ ಸಂಗತಿ ಹೇಳಿದಳು: ಕರಾವಳಿ ರಸ್ತೆ ಕಟ್ಟುವಾಗ ದಾರಿಗೆ ಬಂದ 18 ಹವಳದ ಗುಂಪುಗಳನ್ನು ಎಬ್ಬಿಸಿ ಬೇರೆ ಕಡೆ ನೆಟ್ಟರಂತೆ. ಇಷ್ಟೆಲ್ಲ ಎಲ್ಲಿ ಕಲಿತೆ, ಆ ಕಾಲಿಲ್ಲದ ಬಟ್ಟಲಿನ ವಿಷಯ ಯಾರು ಹೇಳಿಕೊಟ್ಟರು ಎಂದು ಕೇಳಿದೆವು.

“ಅಟ್ಟದ ಟ್ರಂಕಿನಾಗ ನಿಮ್ಮ ಜರ್ನಲ್ ಇತ್ತಲ್ಲ. ಒಬೆಲಿಯಾ ಎಷ್ಟು ಚಂದ ತೆಗೆದೀರಿ ಅಪ್ಪಾ. ಉಂಗುರ ಸುದ್ದಾ ಎಣಿಸಿ ತೆಗೆದೀರಿ. ಅದನ್ನ ನೋಡೇ ಇದು ಅದಲ್ಲ ಅಂತ ತಿಳೀತು.”

ಕುರ್ಲಾದಿಂದ ಮುಲುಂಡಿನವರೆಗೆ ಯಾರೂ ಮಾತಾಡಲಿಲ್ಲ. ಠಾಣೆಯಲ್ಲಿ ಇಳಿಯುವ ಗದ್ದಲದಲ್ಲಿ ಮನೆಯಾಕೆ, ಕಾಲೇಜಿನ ಅರ್ಜಿಗೆ ಕೊನೆಯ ದಿನ ಯಾವತ್ತು ಎಂದು ಕೇಳಿದರು. ಮನೆಗೆ ಬಂದು, ಬೆರಳಿಗೆ ಬಿಸಿನೀರು ಹಿಡಿದುಕೊಂಡು ನಾವು ಪಂಚಾಂಗ ತೆಗೆದೆವು. ಬರುವ ಅಮಾವಾಸ್ಯೆಗೆ ರಜೆ ಹಾಕಬೇಕು. ಇಳಿತ ಸಂಜೆಗೇ ಬರುತ್ತದೆ. ಟಾರ್ಚಿಗೆ ಹೊಸ ಸೆಲ್ಲು ತರಬೇಕು.